ಕಂಪನಿ ಇಂಜಿನ್ನಿಗೆ ಟರ್ಬೊ ಹಾಕಿಸುವ ಮುಂಚೆ

ಏಪ್ರಿಲ್ ಬಿಸಿಲು, ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಅರ್ಧ ಚೀಲ ಜೋಳ, ಎಸಿ ಚಾಲೂ. ಜಕ್ಕಲಿಯಿಂದ ಹೊರಟು ಎರೆ ಹೊಲಗಳ ನಡುವಿನ ಸಪಾಟು ರಸ್ತೆಯಲ್ಲಿ ಹೋಗುವವರೆಗೂ ಗಾಡಿಗೆ ಯಾವ ತಕರಾರೂ ಇಲ್ಲ. ಗಜೇಂದ್ರಗಡದ ಗುಡ್ಡದ ಏರು ಸಿಕ್ಕಿತೋ, ನಾಲ್ಕನೇ ಗೇರಿನಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಯಬೇಕು, ಕಡೆಗೆ ಎಸಿ ಬಂದ್ ಮಾಡಬೇಕು. ಹಿಂದಿನ ಸೀಟಿನ ಹುಡುಗ ಕೇಳಿಯೇ ಬಿಡುತ್ತಾನೆ: "ಕಾಕಾ, ಪಿಕಪ್ಪೇ ಬರವಲ್ದು. ಇದಕ್ಕೊಂದು ಟರ್ಬೊ ಕುಂದ್ರಿಸಿದ್ರ ಹೆಂಗ?"

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕೂರಿಸಬಹುದು. ಹಾಗೆ ಕೂರಿಸಿದ ಇಂಜಿನ್ನುಗಳು ವರ್ಷಗಟ್ಟಲೆ ಓಡಿದ್ದನ್ನೂ ನೋಡಿದ್ದೇನೆ, ತಿಂಗಳೊಳಗೆ ಪಿಸ್ಟನ್ ತೂತಾಗಿ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದದ್ದನ್ನೂ ನೋಡಿದ್ದೇನೆ. ಎರಡು ಬಗೆಯ ಗಾಡಿಗಳಲ್ಲೂ ಟರ್ಬೊ ಒಂದೇ ತರಹದ್ದು. ಮೊದಲನೆಯದರಲ್ಲಿ ಬಿಸಿ, ಆಯಿಲ್ ಮತ್ತು ಇಂಧನದ ಲೆಕ್ಕ ಮೊದಲೇ ಹಾಕಿದ್ದರು, ಎರಡನೆಯದರಲ್ಲಿ ಟರ್ಬೊ ಕೂರಿಸಿ ಆಮೇಲೆ ನೋಡೋಣ ಎಂದಿದ್ದರು. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಟರ್ಬೊ ಮಾಡುವ ಕೆಲಸ

ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ದಿನಾ ನೋಡುವ ನಮಗೆ ಟರ್ಬೊ ಅರ್ಥವಾಗುವುದು ಕಷ್ಟವಲ್ಲ. ಇಂಧನದಲ್ಲಿರುವ ಶಕ್ತಿಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಆ ಹೊಗೆಯ ದಾರಿಗೆ ಅಡ್ಡವಾಗಿ ಒಂದು ಪುಟ್ಟ ರೆಕ್ಕೆಚಕ್ರ ಇಟ್ಟರೆ ಅದು ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿನೊಳಗೆ ಒತ್ತುತ್ತದೆ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕ ಇಂಧನ ಸುಡಬಹುದು, ಅಷ್ಟು ಶಕ್ತಿ ಬರುತ್ತದೆ. ಗುಡ್ಡದ ಮೇಲಿನ ದೊಡ್ಡ ರೆಕ್ಕೆ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿದರೆ, ಬೊಗಸೆಯಲ್ಲಿ ಅಡಗುವ ಈ ಚಕ್ರ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಅಷ್ಟು ವೇಗದಲ್ಲಿ ಶಾಫ್ಟು ಬೇರಿಂಗನ್ನು ಮುಟ್ಟಬಾರದು. ಆಯಿಲಿನ ತೆಳು ಪದರದ ಮೇಲೆ ತೇಲಬೇಕು.

ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದರ ಪೇಟೆಂಟ್ ಪಡೆದಿದ್ದ. ಕಾರಿಗೆ ಬಂದದ್ದು 1962ರಲ್ಲಿ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಕಾರಿನಲ್ಲಿ ತನ್ನ 3.5 ಲೀಟರಿನ ವಿ8 ಇಂಜಿನ್ನಿಗೆ ಟರ್ಬೊ ಕೂರಿಸಿತು. ಕಂಪ್ರೆಷನ್ ರೇಶಿಯೊ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ, 10.25ರಷ್ಟು ಎತ್ತರದಲ್ಲೇ ಇದ್ದುದರಿಂದ ನಾಕಿಂಗ್ (ಅದು ಏನೆಂದು ಮುಂದೆ ಹೇಳುತ್ತೇನೆ) ತಡೆಯಲು ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಸಿಂಪಡಿಸಬೇಕಿತ್ತು. ಬಹಳ ಮಾಲೀಕರು ಆ ದ್ರವದ ಡಬ್ಬಿ ತುಂಬುವುದನ್ನು ಮರೆತರು. ಎಷ್ಟೋ ಕಾರುಗಳ ಟರ್ಬೊ ಬಿಚ್ಚಿ ಸಾದಾ ಇಂಜಿನ್ ಮಾಡಿಕೊಡಬೇಕಾಯಿತು. ನಮ್ಮ ಕಣ್ಣೆದುರಿನ ಉದಾಹರಣೆ ಬೇಕೆಂದರೆ ಟಾಟಾ ಇಂಡಿಕಾ ಇದೆ. 1998ರ ಕೊನೆಗೆ ಬಂದಾಗ ಅದರ 1.4 ಲೀಟರ್ ಡೀಸೆಲ್ ಇಂಜಿನ್ನಿಗೆ ಟರ್ಬೊ ಇರಲಿಲ್ಲ, ಶಕ್ತಿ 53 ಎಚ್‌ಪಿ ಆಸುಪಾಸು. ಮುಂದೆ ಅದೇ 1405 ಸಿಸಿ ಇಂಜಿನ್ನಿಗೆ ಕಂಪನಿಯೇ ಟರ್ಬೊ ಕೂರಿಸಿದಾಗ 60 ದಾಟಿತು. ಏರಿನಲ್ಲಿ ಎಳೆಯುವ ಟಾರ್ಕ್ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರಿತು. ಅಷ್ಟು ದೊಡ್ಡ ಕಂಪನಿಯೂ ದುಪ್ಪಟ್ಟು ಮಾಡಲು ಹೋಗಲಿಲ್ಲ ಎಂಬುದನ್ನು ಗಮನಿಸಿ.

ಇಂಜಿನ್ ಯಾಕೆ ಒಡೆಯುತ್ತದೆ

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಒತ್ತಿದ ಗಾಳಿ ಕಾಯುತ್ತದೆ. ಹೊರಗೆ 40 ಡಿಗ್ರಿ ಇದ್ದಾಗ 0.4 ಬಾರ್, ಅಂದರೆ ಸುಮಾರು 6 ಪಿಎಸ್‌ಐ ಒತ್ತಡ ಹಾಕಿದರೆ ಟರ್ಬೊದಿಂದ ಹೊರಬರುವ ಗಾಳಿ 85–90 ಡಿಗ್ರಿಗೆ ಹೋಗುತ್ತದೆ. ಟೈರಿಗೆ 30 ಪಿಎಸ್‌ಐ ಹೊಡೆಸುವ ನಮಗೆ ಆರು ಎಂದರೆ ಏನೂ ಅಲ್ಲ ಅನ್ನಿಸಬಹುದು. ಇಂಜಿನ್ನಿಗೆ ಅದು ದೊಡ್ಡ ಮಾತು.

ಕಾದ ಗಾಳಿ ಹಿಗ್ಗಿರುತ್ತದೆ. ಹಾಗಾಗಿ ಒತ್ತಡ ನೂರಕ್ಕೆ 40 ಏರಿದರೂ ಒಳಗೆ ಹೋಗುವ ಗಾಳಿಯ ತೂಕ ಏರುವುದು ನೂರಕ್ಕೆ 20 ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು ಆ ಗಾಳಿಯನ್ನು 55 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ನೂರಕ್ಕೆ 30ರ ಮೇಲೆ ಸಿಗುತ್ತದೆ.

ಶಕ್ತಿ ಕಡಿಮೆಯಾಗುವುದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿದ ಮೇಲೆ ಜ್ವಾಲೆ ಪ್ಲಗ್ಗಿನಿಂದ ಅಂಚಿನವರೆಗೆ ಹರಡಬೇಕು. ಒಳಗಿನ ಗಾಳಿ-ಪೆಟ್ರೋಲ್ ಮಿಶ್ರಣ ಮೊದಲೇ ಬಿಸಿಯಾಗಿದ್ದರೆ ಜ್ವಾಲೆ ತಲುಪುವ ಮುನ್ನವೇ ಅಂಚಿನ ಮಿಶ್ರಣ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿನ ಮೇಲೆ ಸುತ್ತಿಗೆ ಏಟಿನ ಹಾಗೆ ಬೀಳುತ್ತದೆ. ಇದೇ ನಾಕಿಂಗ್. ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದ ಹಾಗೆ ಸದ್ದು. ರಿಂಗುಗಳ ನಡುವಿನ ತೆಳು ಏಣು ಮೊದಲು ಮುರಿಯುತ್ತದೆ, ಆಮೇಲೆ ಕಂಪ್ರೆಷನ್ ಹೋಗುತ್ತದೆ, ಆಮೇಲೆ ಪಿಸ್ಟನ್ನೇ ಹೋಗುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಆ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಬಹಳ ಜನ ಟರ್ಬೊ ಬಂದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ ಎಂದು ಹೆದರುತ್ತಾರೆ. ಹೆಚ್ಚು ಬೂಸ್ಟಿನಲ್ಲಿ, ಅಂದರೆ ಟರ್ಬೊ ಹಾಕುವ ಒತ್ತಡ ಹೆಚ್ಚಿದ್ದರೆ, ಅದೂ ನಿಜ. ಐದಾರು ಪಿಎಸ್‌ಐ ಒಳಗೆ ಕಂಪನಿ ಇಂಜಿನ್ನಿನ ಪ್ರಾಣ ತೆಗೆಯುವವು ಬಿಸಿ, ನಾಕಿಂಗ್ ಮತ್ತು ಆಯಿಲ್ ಕೊರತೆ. ಮೂರೂ ನಮ್ಮ ಕೈಯಲ್ಲಿ ಇರುವಂಥವು.

ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಬದಲಾವಣೆಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಆದ್ದರಿಂದ ಸಾರ್ವಜನಿಕ ರಸ್ತೆಯ ಗಾಡಿಯಾದರೆ ಸ್ಪ್ಯಾನರ್ ಹಿಡಿಯುವ ಮುಂಚೆ ನಿಮ್ಮ ಆರ್‌ಟಿಒಗೆ, ಕೆಎ-26 ಗಾಡಿಯಾದರೆ ಗದಗದ ಕಚೇರಿಗೆ, ಏನು ಬದಲಾಯಿಸುತ್ತೀರೆಂದು ಬರೆದುಕೊಟ್ಟು ಲಿಖಿತ ಉತ್ತರ ಪಡೆಯಿರಿ. ವಿಮಾ ಕಂಪನಿಗೂ ತಿಳಿಸಿ. ತಿಳಿಸದೆ ಹಾಕಿಸಿಕೊಂಡವರ ಕ್ಲೇಮು ಅಪಘಾತವಾದ ದಿನ ತಿರಸ್ಕೃತವಾದರೆ ಮನೆಯವರೇ ಅನುಭವಿಸಬೇಕು.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯನ್ನು ಮುಟ್ಟಬೇಡಿ. ಅದರ ಸೆನ್ಸರುಗಳು, ಕ್ಯಾಟಲಿಟಿಕ್ ಕನ್ವರ್ಟರ್, ಇಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ನಿಮಗೆ ಬೇಕಿರುವುದು ಏರಿನಲ್ಲಿ ಪಿಕಪ್ ಅಷ್ಟೇ ಆಗಿದ್ದರೆ ಈ ಗಾಡಿ ಮಾರಿ ಕಂಪನಿಯಿಂದಲೇ ಟರ್ಬೊ ಬಂದ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವುದು ಒಳ್ಳೆಯದು. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಮುಂದಿನದು ತನ್ನದೇ ಗಾಡಿಯ ಇಂಜಿನ್ನನ್ನು ಬಿಚ್ಚಿ ಕಟ್ಟುವ ಆಸೆಯಿರುವವರಿಗೆ, ಅನುಮತಿ ಸಿಕ್ಕವರಿಗೆ, ಅಥವಾ ಟ್ರ್ಯಾಕಿನಲ್ಲಷ್ಟೇ ಓಡಿಸುವವರಿಗೆ.

ಕೆಲಸದ ಕ್ರಮ

ಉದಾಹರಣೆಗೆ 1.2 ಲೀಟರಿನ, 80 ಎಚ್‌ಪಿ ಸುತ್ತಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ ಇಟ್ಟುಕೊಳ್ಳೋಣ. ಗುರಿ 105ರಿಂದ 110 ಎಚ್‌ಪಿ. ಅದಕ್ಕಿಂತ ಮೇಲೆ ಹೋಗಬೇಕೆಂದರೆ ಪಿಸ್ಟನ್, ರಾಡ್ ಬದಲಾಯಿಸುವ ಬೇರೆಯೇ ಕೆಲಸ. ಕೈಯಲ್ಲಿ ನೂರು ರೂಪಾಯಿ ಇದ್ದರೆ ಮೂವತ್ತು ಟರ್ಬೊಗೆ, ಎಪ್ಪತ್ತು ಉಳಿದದ್ದಕ್ಕೆ ಎಂದು ಲೆಕ್ಕ ಹಾಕಿಕೊಳ್ಳಿ.

1. ಇಂಜಿನ್ನಿನ ಆರೋಗ್ಯ ನೋಡಿಸಿ. ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಹಚ್ಚಿಸಿ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಅಂತರ ಇದ್ದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಆ ಇಂಜಿನ್ನಿನ ಕೆಲಸ ಮಾಡಿಸಿ. ಕೂಲಂಟ್ ತಾನಾಗಿ ಕಡಿಮೆಯಾಗುತ್ತಿದ್ದರೆ, ಬೆಳಗ್ಗೆ ಚಾಲೂ ಮಾಡಿದಾಗ ನೀಲಿ ಹೊಗೆ ಬರುತ್ತಿದ್ದರೆ, ಇದ್ದ ಕಾಯಿಲೆಗೆ ಟರ್ಬೊ ಇನ್ನಷ್ಟು ಬಲ ಕೊಡುತ್ತದೆ. ರೇಡಿಯೇಟರ್ ಬಿಚ್ಚಿ ಒಳಗೂ ಹೊರಗೂ ತೊಳೆಸಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ವರ್ಷಗಟ್ಟಲೆ ತುಂಬಿಸಿದ ರೇಡಿಯೇಟರಿನ ನಳಿಕೆಗಳಲ್ಲಿ ಹಂಡೆಯ ತಳದಲ್ಲಿ ಕೂರುವಂಥದೇ ಬಿಳಿ ಗಟ್ಟಿ ಕೂತಿರುತ್ತದೆ.

2. ಬೂಸ್ಟಿನ ಮಿತಿ ಈಗಲೇ ಗೊತ್ತು ಮಾಡಿ: 5ರಿಂದ 6 ಪಿಎಸ್‌ಐ. ಕಂಪ್ರೆಷನ್ ರೇಶಿಯೊ 9ರ ಹತ್ತಿರ ಇರುವ ಹಳೆಯ ಇಂಜಿನ್ನಿಗೆ ಆರು, 10 ದಾಟಿದ ಹೊಸ ಇಂಜಿನ್ನಿಗೆ ಐದಕ್ಕಿಂತ ಮೇಲೆ ಬೇಡ. ಮಿತಿ ಕಾಯುವುದು ವೇಸ್ಟ್‌ಗೇಟ್. ಒತ್ತಡ ಸಾಕಷ್ಟಾದ ಕೂಡಲೇ ಅದು ತೆರೆದು ಹೊಗೆಯನ್ನು ಚಕ್ರದ ಪಕ್ಕದಿಂದ ದಾಟಿಸುತ್ತದೆ. ಅದರ ಸ್ಪ್ರಿಂಗು ಆ ಒತ್ತಡಕ್ಕೇ ತೆರೆಯುವಂಥದಿರಲಿ. ಬೂಸ್ಟ್ ಏರಿಸುವ ತಿರುಪು, ಕಂಟ್ರೋಲರ್ ಯಾವುದೂ ಗಾಡಿಯಲ್ಲಿ ಇರುವುದೇ ಬೇಡ. ಕೈಗೆ ಸಿಕ್ಕರೆ ತಿರುಗಿಸಬೇಕು ಅನ್ನಿಸುತ್ತದೆ.

3. ಚಿಕ್ಕ ಟರ್ಬೊ ಆರಿಸಿ. 1.0ರಿಂದ 1.4 ಲೀಟರಿನ ಟರ್ಬೊ ಪೆಟ್ರೋಲ್ ಕಾರಿಗೆಂದೇ ಮಾಡಿದ, ಆಯಿಲಿನ ಜೊತೆ ನೀರಿನ ದಾರಿಯೂ ಇರುವ ಟರ್ಬೊ ಒಳ್ಳೆಯದು. ಗುಜರಿಯಲ್ಲಿ 1.3 ಲೀಟರ್ ಡೀಸೆಲ್ ಕಾರುಗಳ ಟರ್ಬೊ ಸುಲಭವಾಗಿ ಸಿಗುತ್ತದೆ, ಬಹಳ ಹುಡುಗರು ಅದನ್ನೇ ತರುತ್ತಾರೆ. ಡೀಸೆಲ್ಲಿನ ಹೊಗೆಗಿಂತ ಪೆಟ್ರೋಲಿನ ಹೊಗೆ ನೂರೈವತ್ತು, ಇನ್ನೂರು ಡಿಗ್ರಿ ಹೆಚ್ಚು ಬಿಸಿ, 900 ಡಿಗ್ರಿ ದಾಟಬಲ್ಲದು. ಡೀಸೆಲ್ ಟರ್ಬೊದ ಎರಕ ಆ ಕಾವಿಗೆ ಬಿರುಕು ಬಿಡುತ್ತದೆ. ಹಳೆಯದನ್ನೇ ಕೊಳ್ಳುವುದಾದರೆ ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಹಿಂದೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಆಟ ಕೈಗೆ ಗೊತ್ತಾಗಲೇಬಾರದು. ಅಡ್ಡಕ್ಕೆ ಒಂಚೂರು ಅಲ್ಲಾಡುವುದು ಸಹಜ, ಚಕ್ರ ಗೋಡೆಗೆ ತಾಗಿದರೆ ತಿರುಗಿ ಕೊಟ್ಟುಬಿಡಿ.

4. ಆಯಿಲ್ ದಾರಿ. ಈ ಒಂದು ಕೆಲಸಕ್ಕೆ ಇಡೀ ದಿನ ಕೊಡಿ. ಬರುವ ಪೈಪು ಸಣ್ಣದು, ಒತ್ತಡದ್ದು, ಇಂಜಿನ್ ಬ್ಲಾಕಿನ ಆಯಿಲ್ ಪ್ರೆಶರ್ ಸ್ವಿಚ್ಚಿನ ಜಾಗದಿಂದ ಟಿ ಹಾಕಿ ತೆಗೆದುಕೊಳ್ಳಬಹುದು. ತಪ್ಪುವುದು ಹೋಗುವ ಪೈಪಿನಲ್ಲಿ. ಟರ್ಬೊದಿಂದ ಹೊರಬರುವ ಆಯಿಲಿಗೆ ಒತ್ತಡವೇ ಇರುವುದಿಲ್ಲ. ನೊರೆಯಾಗಿ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಆ ಪೈಪಿನ ಒಳಗಲ ಕನಿಷ್ಠ 12ರಿಂದ 16 ಮಿಲಿಮೀಟರ್ ಇರಬೇಕು, ಟರ್ಬೊದಿಂದ ಇಂಜಿನ್ ತಳದ ಆಯಿಲ್ ಸಂಪಿನವರೆಗೆ ಇಳಿಜಾರಾಗಿಯೇ ಇರಬೇಕು, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು.

ನಮ್ಮ ದಾಯಾದಿಯೊಬ್ಬನ ಗಾಡಿಯಲ್ಲಿ ಟರ್ಬೊ ಕೂರಿಸಿದ ಎರಡನೇ ವಾರಕ್ಕೆ ನೀಲಿ ಹೊಗೆ ಶುರುವಾಯಿತು. ಗ್ಯಾರೇಜಿನವರು ಟರ್ಬೊ ಸೀಲ್ ಹೋಗಿದೆ ಎಂದು ಬೇರೆ ಟರ್ಬೊ ಹಾಕಿದರು. ಮತ್ತೆ ಅದೇ ಹೊಗೆ. ಮೂರನೆಯದು ತರಿಸುವ ಮಾತು ನಡೆದಾಗ ನಾನು ಗಾಡಿಯ ಕೆಳಗೆ ಮಲಗಿ ಬ್ಯಾಟರಿ ಬಿಟ್ಟು ನೋಡಿದೆ. ಆಯಿಲ್ ಇಳಿಯುವ ರಬ್ಬರ್ ಪೈಪು ತೊಟ್ಟಿಲಿನ ಹಾಗೆ ಜೋತುಬಿದ್ದು, ತಗ್ಗಿನಲ್ಲಿ ಆಯಿಲ್ ನಿಂತು, ಆಮೇಲೆ ಮೇಲಕ್ಕೆ ಹತ್ತಿ ಸಂಪಿಗೆ ಸೇರಿತ್ತು. ಇಳಿಯಲು ದಾರಿ ಸಿಗದ ಆಯಿಲ್ ಸೀಲ್ ದಾಟಿ ಹೊಗೆಯ ಕಡೆ ನುಗ್ಗುತ್ತಿತ್ತು. ಗೇಣುದ್ದದ ದಪ್ಪ ಪೈಪು ನೇರವಾಗಿ ಕೂರಿಸಿದ ದಿನವೇ ಹೊಗೆ ನಿಂತಿತು. ತೆಗೆದಿಟ್ಟ ಮೊದಲ ಟರ್ಬೊದಲ್ಲಿ ಯಾವ ದೋಷವೂ ಇರಲಿಲ್ಲ.

ಆಯಿಲ್ ಪೂರ್ತಿ ಸಿಂಥೆಟಿಕ್ ಇರಲಿ. ಕಂಪನಿ ಪುಸ್ತಕ 10,000 ಕಿಲೋಮೀಟರ್ ಎಂದು ಹೇಳಿದ್ದರೂ ನೀವು 5,000ಕ್ಕೆ ಬದಲಾಯಿಸಿ.

5. ಗಾಳಿಯ ದಾರಿ. ಪೂರ್ತಿ ರೇಸ್ ಕೊಟ್ಟಾಗ, 6000 ಸುತ್ತಿನಲ್ಲಿ, ಟರ್ಬೊ ಇಲ್ಲದ 1.2 ಲೀಟರ್ ಇಂಜಿನ್ ನಿಮಿಷಕ್ಕೆ 3,000 ಲೀಟರ್ ಗಾಳಿ ಎಳೆಯುತ್ತದೆ. ಟರ್ಬೊ ಬಂದರೆ 4,000ದ ಹತ್ತಿರ. ಬೇಸಿಗೆಯ ಎರೆ ರಸ್ತೆಯಲ್ಲಿ ಮುಂದಿನ ಗಾಡಿ ಎಬ್ಬಿಸಿದ ಧೂಳಿನಲ್ಲಿ ಇಷ್ಟು ಗಾಳಿ ಎಳೆದರೆ ಏನಾಗುತ್ತದೆಂದು ತಿಳಿಯಬೇಕಾದರೆ ಟ್ರ್ಯಾಕ್ಟರಿನ ಆಯಿಲ್ ಬಾತ್ ಫಿಲ್ಟರಿನ ತಳದ ಕೆಸರನ್ನು ನೋಡಿ. ಲಕ್ಷ ಸುತ್ತು ತಿರುಗುವ ಚಕ್ರದ ಅಂಚನ್ನು ಆ ಕಣಗಳು ಮರಳು ಕಾಗದದ ಹಾಗೆ ತಿಕ್ಕುತ್ತವೆ. ಆದ್ದರಿಂದ ಬಾನೆಟ್ ಒಳಗೆ ತೆರೆದಿಡುವ ಕೋನ್ ಆಕಾರದ ಫಿಲ್ಟರ್ ನಮ್ಮ ಊರಿಗೆ ಬೇಡವೇ ಬೇಡ. ಅದು ಇಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಧೂಳನ್ನೂ ಚೆನ್ನಾಗಿ ತಡೆಯುವುದಿಲ್ಲ. ಕಂಪನಿಯ ಕಾಗದದ ಫಿಲ್ಟರನ್ನೇ, ಅದಕ್ಕಿಂತ ಒಂದು ಅಳತೆ ದೊಡ್ಡ ಡಬ್ಬಿಯಲ್ಲಿ ಇಡಿ. ರಾಶಿ ಕಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ.

ಇಂಟರ್‌ಕೂಲರನ್ನು ಮುಂದಿನ ಬಂಪರಿನ ಹಿಂದೆ, ನೇರ ಗಾಳಿ ಸಿಗುವ ಕಡೆ ಇಡಿ. ರೇಡಿಯೇಟರನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದು ಬೇಡ. ಇಂಜಿನ್ನಿನ ಹಬೆ ಇನ್‌ಟೇಕಿಗೆ ಹೋಗುವ ಸಣ್ಣ ಪೈಪಿಗೆ ಒಂದೇ ದಿಕ್ಕಿನಲ್ಲಿ ಬಿಡುವ ವಾಲ್ವ್ ಹಾಕಿಸಲು ಮರೆಯಬೇಡಿ. ಇಲ್ಲದಿದ್ದರೆ ಬೂಸ್ಟ್ ಒತ್ತಡ ಸಂಪಿಗೆ ಇಳಿದು ಆಯಿಲ್ ಸೀಲುಗಳನ್ನು ಹೊರಗೆ ತಳ್ಳುತ್ತದೆ.

6. ಇಂಧನದ ಲೆಕ್ಕ. ಟರ್ಬೊ ಪೆಟ್ರೋಲ್ ಇಂಜಿನ್ ಪೂರ್ತಿ ರೇಸಿನಲ್ಲಿ ಒಂದೊಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕೇಳುತ್ತದೆ. 110 ಎಚ್‌ಪಿಗೆ ಗಂಟೆಗೆ 30 ಕಿಲೊ, ಸಿಲಿಂಡರಿಗೆ ಏಳೂವರೆ ಕಿಲೊ, ಅಂದರೆ 10 ಲೀಟರ್. ನಿಮಿಷಕ್ಕೆ 167 ಸಿಸಿ ಆಯಿತು. ಇಂಜೆಕ್ಟರನ್ನು ನೂರಕ್ಕೆ 80ಕ್ಕಿಂತ ಹೆಚ್ಚು ದುಡಿಸಬಾರದು, ಆದ್ದರಿಂದ ನಿಮಿಷಕ್ಕೆ 210 ಸಿಸಿ ಬಿಡುವ ಇಂಜೆಕ್ಟರ್ ಬೇಕು. ನಿಮ್ಮ ಗಾಡಿಯ ಇಂಜೆಕ್ಟರನ್ನು ಟೆಸ್ಟ್ ಬೆಂಚಿನ ಮೇಲೆ ಇಟ್ಟು ಅಳೆಸಿ, ಸಾಲದಿದ್ದರೆ ಬದಲಾಯಿಸಿ. ಪೆಟ್ರೋಲ್ ಪಂಪಿನ ಒತ್ತಡ ಪೂರ್ತಿ ರೇಸಿನಲ್ಲಿ ಕುಸಿಯಬಾರದು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇದೆ. ಶುದ್ಧ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸರಿಯಾದರೆ ಇದಕ್ಕೆ 13.5ರ ಸುತ್ತ. ಹಳೆಯ ಅಂಕಿ ನೋಡಿಕೊಂಡು ಟ್ಯೂನ್ ಮಾಡಿದರೆ ಲೆಕ್ಕ ತಪ್ಪುತ್ತದೆ. ಟ್ಯೂನ್ ಮಾಡುವವರಿಗೆ ಲ್ಯಾಂಬ್ಡಾ ಅಳತೆಯಲ್ಲಿ, ಅಂದರೆ ಸರಿಯಾದ ಪ್ರಮಾಣವನ್ನು 1 ಎಂದು ಇಟ್ಟುಕೊಂಡು, ನೋಡಲು ಹೇಳಿ. ಬೂಸ್ಟಿನಲ್ಲಿ ಅದು 0.80ರಿಂದ 0.82ರಲ್ಲಿ ಇರಲಿ. ಹೆಚ್ಚಿನ ಪೆಟ್ರೋಲ್ ಇಲ್ಲಿ ಒಳಗಿನ ಬಿಸಿ ಇಳಿಸುವ ಕೆಲಸವನ್ನೂ ಮಾಡುತ್ತದೆ. ಮೈಲೇಜಿಗಾಗಿ ಇದನ್ನು ಕಡಿಮೆ ಮಾಡಿಸಿದವರೇ ಪಿಸ್ಟನ್ ಕಳೆದುಕೊಂಡವರಲ್ಲಿ ಹೆಚ್ಚು.

7. ಕಿಡಿ ಮತ್ತು ಇಸಿಎಂ. ಇನ್‌ಟೇಕಿನ ಒತ್ತಡ ಅಳೆಯುವ ಕಂಪನಿಯ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ ಓದುತ್ತದೆ, ಬೂಸ್ಟ್ ಬಂದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. 2 ಬಾರ್‌ವರೆಗೆ ಓದುವ ಸೆನ್ಸರ್ ಹಾಕಿಸಿ, ಅದಕ್ಕೆ ಹೊಂದುವಂತೆ ಇಸಿಎಂ ರಿಮ್ಯಾಪ್ ಮಾಡಿಸಿ. ಕಿಡಿಯನ್ನು ಒಂದು ಪಿಎಸ್‌ಐಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ಸರಿಸಿ ಶುರು ಮಾಡುವುದು ರೂಢಿ, ಶಕ್ತಿ ಅಳೆಯುವ ಡೈನೊ ಮೇಲೆ ನೋಡಿಕೊಂಡು ಆಮೇಲೆ ತಿದ್ದಬಹುದು. ಪ್ಲಗ್ ಒಂದು ದರ್ಜೆ ತಣ್ಣನೆಯದು, ಗ್ಯಾಪ್ 0.7 ಮಿಲಿಮೀಟರ್. ಒತ್ತಡ ಹೆಚ್ಚಾದಾಗ ದೊಡ್ಡ ಗ್ಯಾಪಿನಲ್ಲಿ ಕಿಡಿ ಆರಿಹೋಗುತ್ತದೆ. ನಾಕ್ ಸೆನ್ಸರ್ ಕೆಲಸ ಮಾಡುತ್ತಿದೆಯೇ ಎಂದು ಸ್ಕ್ಯಾನರ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ.

8. ಮೀಟರುಗಳು ಮೂರು: ಬೂಸ್ಟ್, ಲ್ಯಾಂಬ್ಡಾ, ಆಯಿಲ್ ಪ್ರೆಶರ್. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಹೊತ್ತುವ ಹೊತ್ತಿಗೆ ಟರ್ಬೊ ಬೇರಿಂಗ್ ಒಣಗಿರುತ್ತದೆ.

ಕ್ಲಚ್ ಹಳೆಯದಾಗಿದ್ದರೆ ಈಗಲೇ ಬದಲಾಯಿಸಿ. ಬ್ರೇಕ್ ಪ್ಯಾಡ್, ಡಿಸ್ಕ್, ಟೈರು ಕೂಡ. ಗುಡ್ಡ ಹತ್ತಿದ ಗಾಡಿ ಇಳಿಯಲೂ ಬೇಕು.

ಹಳೆಯ ಡೀಸೆಲ್ ಗಾಡಿಯಾದರೆ

ರೋಣ, ನರಗುಂದದ ಕಡೆ ಇನ್ನೂ ಓಡುತ್ತಿರುವ ಹಳೆಯ ಜೀಪು, ಟ್ರ್ಯಾಕ್ಸುಗಳಲ್ಲಿ ಟರ್ಬೊ ಇಲ್ಲದವು ಇವೆ. ಡೀಸೆಲ್ಲಿಗೆ ನಾಕಿಂಗಿನ ಈ ಭಯ ಇಲ್ಲ, ಯಾಕೆಂದರೆ ಒಳಗೆ ಒತ್ತುವುದು ಬರೀ ಗಾಳಿ, ಇಂಧನ ಆಮೇಲೆ ಬರುತ್ತದೆ. ಅದರ ಪಿಸ್ಟನ್, ರಾಡೂ ದಪ್ಪ. ಹಾಗಾಗಿ ಟರ್ಬೊ ಅದಕ್ಕೆ ಹೆಚ್ಚು ಒಗ್ಗುತ್ತದೆ. ಅಪಾಯ ಇರುವುದು ಪಂಪಿನಲ್ಲಿ. ಟರ್ಬೊ ಹಾಕಿದ ಮೇಲೆ ಪಂಪಿನ ತಿರುಪು ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಾರೆ, ಗಾಡಿ ಜಿಗಿಯುತ್ತದೆ, ಹಿಂದೆ ಕರಿ ಹೊಗೆ ಏಳುತ್ತದೆ. ಆ ಕರಿ ಹೊಗೆ ಪೂರ್ತಿ ಸುಡದೆ ಉಳಿದ ಡೀಸೆಲ್, ಅದರ ಜೊತೆಗೇ ಒಳಗಿನ ಕಾವೂ ಏರುತ್ತಿರುತ್ತದೆ. ಟರ್ಬೊ ಮುಂದಿನ ಮ್ಯಾನಿಫೋಲ್ಡಿನಲ್ಲಿ ಹೊಗೆಯ ಬಿಸಿ ತೋರಿಸುವ ಮೀಟರ್ ಹಾಕಿಸಿ, 700 ಡಿಗ್ರಿ ದಾಟಿಸಬೇಡಿ. ಬೂಸ್ಟ್ ಬಂದಾಗ ಮಾತ್ರ ಡೀಸೆಲ್ ಹೆಚ್ಚಿಸುವ ಡಯಾಫ್ರಮ್ ಇರುವ ಪಂಪು ಸಿಕ್ಕರೆ ಅದು ಸರಿಯಾದ ದಾರಿ. ಪಂಪಿನ ಕೆಲಸವನ್ನು ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಮೇಸ್ತ್ರಿಯ ಕಡೆಯೇ ಮಾಡಿಸಿ.

ಒಂದು ಎಚ್ಚರಿಕೆ ಮನೆಯವರಿಗೆಲ್ಲ ಗೊತ್ತಿರಲಿ. ಟರ್ಬೊ ಸೀಲ್ ಹೋಗಿ ಆಯಿಲ್ ಇನ್‌ಟೇಕಿಗೆ ನುಗ್ಗಿದರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಸುಡುತ್ತ ತಾನೇ ತಾನಾಗಿ ರೇಸ್ ಆಗುತ್ತ ಹೋಗುತ್ತದೆ, ಚಾವಿ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಆಗ ಬ್ರೇಕ್ ಒತ್ತಿ ಹಿಡಿದು, ದೊಡ್ಡ ಗೇರು ಹಾಕಿ, ಕ್ಲಚ್ ಬಿಟ್ಟು ಇಂಜಿನ್ ನಿಲ್ಲಿಸಬೇಕು. ನಿಲ್ಲದಿದ್ದರೆ ಎಲ್ಲರೂ ಇಳಿದು ದೂರ ಸರಿಯಿರಿ. ಗಾಳಿ ಪೈಪಿಗೆ ಕೈ ಅಡ್ಡ ಇಡಬೇಡಿ.

ಪದೇ ಪದೇ ಕಾಣುವ ತಪ್ಪುಗಳು

ಮೆಕ್ಯಾನಿಕ್ ಚೆನ್ನಾಗಿ ವೆಲ್ಡಿಂಗ್ ಮಾಡುತ್ತಾನೆಂದು ಸಾದಾ ಕಬ್ಬಿಣದ ತೆಳು ಪೈಪಿನಲ್ಲಿ ಮ್ಯಾನಿಫೋಲ್ಡ್ ಮಾಡಿಸುವುದು ಒಂದು. ಕೆಂಪಗೆ ಕಾದು ತಣಿದು, ಕಾದು ತಣಿದು ಬೆಸುಗೆ ಸೀಳುತ್ತದೆ. ದಪ್ಪ ಸ್ಟೇನ್‌ಲೆಸ್ ಪೈಪು ಬೇಕು, ಟರ್ಬೊದ ಭಾರ ಹೊರಲು ಬ್ಲಾಕಿನಿಂದ ಒಂದು ಆಧಾರವೂ ಬೇಕು.

ಇಸಿಎಂ ರಿಮ್ಯಾಪ್ ಖರ್ಚು ಉಳಿಸಲು, ಸೆನ್ಸರಿಗೆ ಸುಳ್ಳು ಲೆಕ್ಕ ಕೊಡುವ ಸಣ್ಣ ಡಬ್ಬಿ ಹಚ್ಚುವುದು ಇನ್ನೊಂದು. ಅದು ಪೆಟ್ರೋಲ್ ಹೆಚ್ಚಿಸುತ್ತದೆ, ಕಿಡಿಯ ಹೊತ್ತನ್ನು ಮಾತ್ರ ಇದ್ದ ಹಾಗೇ ಬಿಡುತ್ತದೆ.

ಹೊಸ ಟರ್ಬೊಗೆ ಆಯಿಲ್ ತುಂಬಿಸದೆ ಚಾಲೂ ಮಾಡುವುದು ಮತ್ತೊಂದು. ಮೊದಲ ಸಲ ಟರ್ಬೊದ ಆಯಿಲ್ ತೂತಿಗೆ ಕೈಯಿಂದಲೇ ಆಯಿಲ್ ಹಾಕಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಆಯಿಲ್ ಪ್ರೆಶರ್ ಬರುವವರೆಗೆ ಸೆಲ್ಫ್ ಹೊಡೆಯಿರಿ.

ದೂರದಿಂದ ಓಡಿಸಿಕೊಂಡು ಬಂದು ಧಡಕ್ಕನೆ ಬಂದ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಕಾದ ಟರ್ಬೊದೊಳಗೆ ನಿಂತ ಆಯಿಲ್ ಕರಿ ಹಿಡಿಯುತ್ತದೆ. ಮನೆ ಸೇರುವ ಕೊನೆಯ ಒಂದೆರಡು ಕಿಲೋಮೀಟರ್ ರೇಸ್ ಕಡಿಮೆ ಮಾಡಿ ಬನ್ನಿ, ಗುಡ್ಡ ಹತ್ತಿ ಕಾಲಕಾಲೇಶ್ವರದ ಹತ್ತಿರ ನಿಲ್ಲಿಸಿದರೆ ಒಂದು ನಿಮಿಷ ಇಂಜಿನ್ ಹಾಗೇ ಬಿಡಿ.

ಮೊದಲ ಸಾವಿರ ಕಿಲೋಮೀಟರ್

ಮೊದಲ ದಿನ ಬೂಸ್ಟ್ ಪೈಪುಗಳ ಜೋಡಣೆಗೆಲ್ಲ ಸೋಪಿನ ನೀರು ಸವರಿ, ಇಂಜಿನ್ ಬಂದ್ ಇರುವಾಗಲೇ ಹೊರಗಿನಿಂದ 5 ಪಿಎಸ್‌ಐ ಗಾಳಿ ಬಿಟ್ಟು ಗುಳ್ಳೆ ಏಳುತ್ತದೆಯೇ ನೋಡಿ. 100 ಕಿಲೋಮೀಟರ್ ಆದ ಮೇಲೆ ಮ್ಯಾನಿಫೋಲ್ಡ್ ನಟ್ಟುಗಳನ್ನು, ಇಂಜಿನ್ ತಣ್ಣಗಿರುವಾಗ, ಟಾರ್ಕ್ ಸ್ಪ್ಯಾನರಿನಲ್ಲಿ ಮತ್ತೊಮ್ಮೆ ಬಿಗಿ ಮಾಡಿ. 500ಕ್ಕೆ ಆಯಿಲ್ ಬದಲಾಯಿಸಿ, ಇಳಿಸಿದ ಆಯಿಲನ್ನು ಬಿಸಿಲಲ್ಲಿ ಬಿಳಿ ಬಟ್ಟೆಯ ಮೇಲೆ ಸುರಿದು ಲೋಹದ ಹೊಳಪು ಇದೆಯೇ ನೋಡಿ.

ಅದೇ ದಿನ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ, ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಹಾಕಿ. ಓದುವ ಭೂತಗನ್ನಡಿ ಸಾಕು. ಪಿಂಗಾಣಿಯ ಬಣ್ಣ ಬಿಸ್ಕತ್ತಿನ ಹಾಗೆ ತಿಳಿ ಕಂದು ಇದ್ದರೆ ಇಂಧನದ ಲೆಕ್ಕ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ, ಬೆಳ್ಳಿಯ ಹಾಗೆ ಮಿನುಗುವ ಚುಕ್ಕೆಗಳು ಕಂಡರೆ ಅವು ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ. ಒಂದೇ ಪ್ಲಗ್ಗಿನಲ್ಲಿ ಕಂಡರೂ ಆ ಗಾಡಿಯನ್ನು ಬೂಸ್ಟಿಗೆ ತರಬೇಡಿ. ಟ್ಯೂನ್ ಮಾಡಿದವರ ಹತ್ತಿರ ಆ ಪ್ಲಗ್ಗನ್ನೇ ಕಾಗದದಲ್ಲಿ ಸುತ್ತಿಕೊಂಡು ಹೋಗಿ ತೋರಿಸಿ, ಕಿಡಿ ಎರಡು ಡಿಗ್ರಿ ಹಿಂದಕ್ಕೆ ಸರಿಸಿ ಹೊಸ ಪ್ಲಗ್ ಹಾಕಿಸಿ, 200 ಕಿಲೋಮೀಟರ್ ಆದ ಮೇಲೆ ಮತ್ತೆ ಬಿಚ್ಚಿ ನೋಡಿ.